ಮನೆ ಕೆಡವುವ ಮುನ್ನ ಮಾಡಿನತ್ತ ಒಮ್ಮೆ ನೋಡಿ



ಹಳೆಯ ಹೆಂಚಿನ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ತಾರಸಿ ಮನೆ ಕಟ್ಟುವುದು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಇಂದು ಸಾಮಾನ್ಯ ನೋಟ. ಮನೆಯ ನಕ್ಷೆ, ಬ್ಯಾಂಕಿನ ಸಾಲ, ಸಿಮೆಂಟಿನ ಬೆಲೆ ಎಲ್ಲವನ್ನೂ ನಾವು ಲೆಕ್ಕ ಹಾಕುತ್ತೇವೆ. ಹಳೆಯ ಮಾಡಿನ ಸಂದಿಯಲ್ಲಿ ಗೂಡು ಕಟ್ಟಿಕೊಂಡಿರುವ ಪಾರಿವಾಳ ಮಾತ್ರ ಆ ಲೆಕ್ಕಕ್ಕೆ ಸೇರುವುದಿಲ್ಲ.

ಹಲವು ವರ್ಷಗಳ ಹಿಂದೆ ನಾನೂ ಸೇರಿಸಿರಲಿಲ್ಲ. ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ಘಂಟಾಗೋಪುರದ ದುರಸ್ತಿ ನಡೆದಿತ್ತು. ಹಿಕ್ಕೆಯ ಕಾಟ ತಪ್ಪಲೆಂದು ಕಿಂಡಿಗಳಿಗೆಲ್ಲ ಬಲೆ ಬಿಗಿಯಲು ಹೇಳಿದವನು ನಾನೇ. ಮುಂದಿನ ಎರಡು ದಿನ ಜೋಡಿ ಪಾರಿವಾಳಗಳು ಬಲೆಯ ಹೊರಗೆ ರೆಕ್ಕೆ ಬಡಿಯುತ್ತಿದ್ದವು. ಒಳಗೆ ಮರಿಗಳಿರಬಹುದೆಂದು ನನಗೆ ಹೊಳೆಯಲಿಲ್ಲ. ಹೊಳೆದು ಮೇಲೆ ಹತ್ತಿಸುವಷ್ಟರಲ್ಲಿ ತಡವಾಗಿತ್ತು. ಪಾರಿವಾಳದ ಇತಿಹಾಸವನ್ನು ನಾನು ಓದತೊಡಗಿದ್ದು ಆ ಬಳಿಕ.

ಪಾರಿವಾಳ ಮೂಲತಃ ಊರಿನ ಹಕ್ಕಿಯಲ್ಲ. ಕಡಿದಾದ ಬಂಡೆಗಳ ಸೀಳು, ಗುಹೆಗಳ ಬಾಯಿ, ಕಡಲಂಚಿನ ಕಲ್ಲುಗೋಡೆ ಅದರ ತವರು. ಐದು ಸಾವಿರ ವರ್ಷಗಳಿಗೂ ಹಿಂದೆ ಪಶ್ಚಿಮ ಏಷ್ಯದ ಜನರು ಅದನ್ನು ಪಳಗಿಸಿದರು. ಮಾಂಸಕ್ಕೂ ಗೊಬ್ಬರಕ್ಕೂ ಓಲೆ ಒಯ್ಯಲಿಕ್ಕೂ ಅದು ಒದಗಿತು. ಬಡವರಿಗೂ ಎಟಕುವ ಹಕ್ಕಿಯಾದ್ದರಿಂದಲೇ ಜೆರುಸಲೇಮಿನ ದೇವಾಲಯಕ್ಕೆ ಕುರಿಮರಿ ತರಲಾಗದವರು ಜೋಡಿ ಪಾರಿವಾಳಗಳನ್ನು ಕಾಣಿಕೆಯಾಗಿ ತರುತ್ತಿದ್ದರು. ನಮ್ಮ ದೇಶದಲ್ಲಿಯೂ ಒಡಿಶಾದ ಪೊಲೀಸ್ ಇಲಾಖೆ 1946ರಲ್ಲಿ ಪಾರಿವಾಳಗಳ ಅಂಚೆ ಸೇವೆಯನ್ನು ಆರಂಭಿಸಿತು. 1999ರ ಮಹಾ ಚಂಡಮಾರುತದಲ್ಲಿ ಸಂಪರ್ಕವೆಲ್ಲ ಕಡಿದುಹೋದಾಗಲೂ ಆ ಹಕ್ಕಿಗಳು ಸುದ್ದಿ ಮುಟ್ಟಿಸಿದವು. ಹೀಗೆ ಸಾಕಿ, ದುಡಿಸಿಕೊಂಡು, ಬೇಡವಾದಾಗ ಬಿಟ್ಟ ಪಾರಿವಾಳಗಳ ಸಂತತಿಯೇ ಜಗತ್ತಿನ ಪಟ್ಟಣಗಳಲ್ಲಿ ಬೆಳೆಯಿತು. ಅವುಗಳ ಕಣ್ಣಿಗೆ ನಮ್ಮ ಗೋಡೆಯೇ ಬಂಡೆ, ನಮ್ಮ ಸಜ್ಜಾವೇ ಕಲ್ಲಿನ ಸೀಳು. ಅವು ಕರೆಯದೆ ಬಂದ ಅತಿಥಿಗಳಲ್ಲ, ನಾವೇ ಕರೆತಂದವು.

ನಮ್ಮ ಕಡೆಯ ಹೆಂಚಿನ ಮಾಡಿಗೂ ಒಂದು ಇತಿಹಾಸವಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಕರಾವಳಿಯಲ್ಲಿ ಹರಡಿತು, ಘಟ್ಟವನ್ನೂ ಹತ್ತಿತು. ಗೋಡೆಯ ತುದಿಗೂ ಹೆಂಚಿಗೂ ನಡುವೆ ಉಳಿಯುವ ಸಂದಿ ಹಕ್ಕಿಗೆ ಸಿದ್ಧ ಗೂಡಾಯಿತು. ಈಗ ಕೆಡವುತ್ತಿರುವ ಮನೆಗಳಲ್ಲಿ ಇಂಥ ಸಂದಿಗಳೇ ಹೆಚ್ಚು.

ಮನೆ ಕಳೆದುಕೊಳ್ಳುವುದೆಂದರೆ ಏನೆಂದು ಈ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿದ್ದ ಸೂಪಾ ಪಟ್ಟಣ ಜಲಾಶಯದ ಅಡಿ ಸೇರಿತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದವು. ಹೋದ ಮನೆಯನ್ನು ನೆನೆದು ನಿಟ್ಟುಸಿರಿಡುವ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಅದೇ ಕಾಳಿಯ ದಡದಲ್ಲಿ ಹಕ್ಕಿಯ ಮನೆಯನ್ನೂ ಮನೆಯೆಂದು ಒಪ್ಪಿಕೊಂಡ ದಿನ ಬಂತು. 2011ರಲ್ಲಿ ಸರ್ಕಾರ 52.50 ಚದರ ಕಿಲೋಮೀಟರ್ ಪ್ರದೇಶವನ್ನು ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮಂಗಟ್ಟೆ ಹಕ್ಕಿಗೆ ಹಳೆಯ ಹೆಮ್ಮರದ ಪೊಟರೆಯೇ ಬೇಕು. ಹೆಣ್ಣು ಪೊಟರೆಯೊಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಿಂದ ವಾರಗಟ್ಟಲೆ ಹಣ್ಣು ಉಣಿಸುತ್ತದೆ. ಆ ಹೊತ್ತಿನಲ್ಲಿ ಮರಕ್ಕೆ ಕೊಡಲಿ ಬಿದ್ದರೆ ತಾಯಿಗೂ ಮರಿಗೂ ಹೊರಬರುವ ದಾರಿಯಿಲ್ಲ. ನನ್ನ ಗೋಪುರದ ಬಲೆಯೂ ಮಾಡಿದ್ದು ಅದನ್ನೇ. ಇನ್ನು ಮುಂಡಗೋಡದ ಅತ್ತಿವೇರಿಯ ಕಡೆ ನೋಡಿ. ಅಲ್ಲಿ ಮನುಷ್ಯ ಕಟ್ಟಿದ ಜಲಾಶಯವೇ ಇಂದು ಪಕ್ಷಿಧಾಮ. ನಾವು ಕಟ್ಟಿದ್ದೆಲ್ಲ ಹಕ್ಕಿಗಳಿಗೆ ಕೇಡು ತರಲೇಬೇಕೆಂದಿಲ್ಲ.

ಆದರೆ ಪಾರಿವಾಳ ಮಂಗಟ್ಟೆಯಂತೆ ಅಪರೂಪದ ಹಕ್ಕಿಯಲ್ಲ, ಅದಕ್ಕೆ ಮೀಸಲು ಪ್ರದೇಶವೂ ಬೇಕಿಲ್ಲ. ಅದರಿಂದಾಗುವ ತೊಂದರೆಯನ್ನೂ ಮುಚ್ಚಿಡುವಂತಿಲ್ಲ. ಒಣಗಿದ ಹಿಕ್ಕೆಯ ಧೂಳು ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಕೆಲವರ ಶ್ವಾಸಕೋಶಕ್ಕೆ ವಾಸಿಯಾಗದ ಹಾನಿಯಾಗಬಹುದು. ಇದೇ ಕಾರಣಕ್ಕೆ 2025ರಲ್ಲಿ ಮುಂಬಯಿಯಲ್ಲಿ ದೊಡ್ಡ ವಿವಾದ ಎದ್ದಿತು. ಕಾಳು ಹಾಕುವ ದಾದರಿನ ಕಬೂತರ್‌ಖಾನೆಗೆ ಮಹಾನಗರಪಾಲಿಕೆ ತಾಡಪತ್ರಿ ಹೊದಿಸಿತು. ಪ್ರತಿಭಟನೆಗೆ ಬಂದವರು ಅದನ್ನು ಕಿತ್ತೆಸೆದರು. ವ್ಯಾಜ್ಯ ಹೈಕೋರ್ಟಿನಲ್ಲೂ ನಡೆಯಿತು. ಒಂದು ಕಡೆಯವರದು ಆರೋಗ್ಯದ ಮಾತು, ಇನ್ನೊಂದು ಕಡೆಯವರದು ದಯೆಯ ಮಾತು. ಎರಡೂ ಸುಳ್ಳಲ್ಲ.

ಎರಡನ್ನೂ ಕೂಡಿಸುವ ದಾರಿಯನ್ನು ನಮ್ಮ ಹೆಂಚಿನ ಕಥೆಯ ಬಾಸೆಲ್ ನಗರವೇ ತೋರಿಸಿಕೊಟ್ಟಿತು. ಸ್ವಿಟ್ಜರ್‌ಲ್ಯಾಂಡಿನ ಆ ನಗರದಲ್ಲಿ ಸುಮಾರು ಇಪ್ಪತ್ತು ಸಾವಿರ ಪಾರಿವಾಳಗಳಿದ್ದವು. 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಹಕ್ಕಿಗಳನ್ನು ಕೊಂದರೂ ಸಂಖ್ಯೆ ಇಳಿಯಲಿಲ್ಲ. ತಿನ್ನಲು ಯಥೇಚ್ಛವಾಗಿ ಸಿಗುವವರೆಗೆ ಸತ್ತ ಹಕ್ಕಿಯ ಜಾಗವನ್ನು ಮರಿಯೊಂದು ತುಂಬುತ್ತಲೇ ಇತ್ತು. 1988ರಲ್ಲಿ ನಗರ ದಾರಿ ಬದಲಿಸಿತು. ಬೇಕಾಬಿಟ್ಟಿ ಕಾಳು ಎರಚಬೇಡಿ ಎಂದು ಜನರಿಗೆ ತಿಳಿಹೇಳಿತು, ಹಕ್ಕಿಗಳಿಗಾಗಿ ಶುಚಿಯಾದ ಗೂಡುಗಳನ್ನು ಕಟ್ಟಿಸಿ ಅಲ್ಲಿ ಹೆಚ್ಚುವರಿ ಮೊಟ್ಟೆಗಳನ್ನು ತೆಗೆಸಿತು. ಸುಮಾರು ನಾಲ್ಕು ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು. ಕೊಲ್ಲುವುದರಿಂದ ಆಗದ ಕೆಲಸ ಸಂಯಮದಿಂದ ಆಯಿತು.

ನಮ್ಮ ಊರುಗಳಲ್ಲಿ ಅಷ್ಟೆಲ್ಲ ಏರ್ಪಾಡು ಬೇಕಾಗಲಾರದು. ಮನೆಯನ್ನೋ ಶಾಲೆಯನ್ನೋ ದೇವಾಲಯವನ್ನೋ ಕೆಡವುವ ಮೊದಲು ಏಣಿ ಹಾಕಿ ಒಮ್ಮೆ ನೋಡಿ. ಪಾರಿವಾಳದ ಮೊಟ್ಟೆ ಒಡೆದು ಮರಿಯಾಗಲು ಸುಮಾರು ಹದಿನೆಂಟು ದಿನ ಬೇಕು, ಮರಿ ಹಾರಲು ಮತ್ತೊಂದು ತಿಂಗಳು. ನಮ್ಮ ಹವೆಯಲ್ಲಿ ಅದು ವರ್ಷವಿಡೀ ಮರಿ ಮಾಡಬಲ್ಲುದು, ಆದ್ದರಿಂದ ಕಾಲ ನೋಡಿ ನಿಶ್ಚಿಂತರಾಗುವಂತಿಲ್ಲ. ಕೆಲಸ ನಿಶ್ಚಯವಾದ ಕೂಡಲೇ, ಅಂದರೆ ಎರಡು ತಿಂಗಳು ಮೊದಲೇ, ಮೊಟ್ಟೆ ಮರಿ ಇಲ್ಲದ ಸಂದಿಗಳನ್ನು ಮುಚ್ಚಿಸಿರಿ. ಮರಿಯಿದ್ದ ಕಡೆ ಅದು ಹಾರುವವರೆಗೆ ಕಾದು ಬಳಿಕ ಮುಚ್ಚಿಸಿರಿ. ಬಲೆ ಕಟ್ಟುವುದಾದರೆ ಒಳಗೆ ಹಕ್ಕಿಯಿಲ್ಲವೆಂದು ಖಚಿತಪಡಿಸಿಕೊಂಡು ಕಟ್ಟಿಸಿರಿ. ಹಿಕ್ಕೆ ತೆಗೆಯುವ ಕೆಲಸಗಾರರು ಮೂಗು ಬಾಯಿ ಮುಚ್ಚಿಕೊಂಡು, ನೀರು ಚಿಮುಕಿಸಿಯೇ ಗುಡಿಸಲಿ.

ಇದು ಬರಿಯ ಮೃದು ಮನಸ್ಸಿನ ಮಾತಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಜಾರಿಯಲ್ಲಿದೆ. 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಿನ ಅನುಕಂಪವೂ ಒಂದು.

ಸೂಪಾದವರಿಗೆ ಊರು ಬಿಡುವ ಮೊದಲು ನೋಟಿಸಾದರೂ ಬಂದಿತ್ತು. ಮಾಡಿನ ಸಂದಿಯಲ್ಲಿರುವ ಮರಿಗೆ ನೋಟಿಸು ಓದಲು ಬಾರದು. ಅದಕ್ಕೆ ಬೇಕಾದುದು ಸುಮಾರು ಏಳು ವಾರಗಳ ಅವಕಾಶ ಮಾತ್ರ. ಆ ಗೋಪುರದಲ್ಲಿ ನಾನು ಅಷ್ಟನ್ನೂ ಕೊಡಲಿಲ್ಲ. ನಿಮ್ಮ ಮನೆಯ ಕೆಲಸ ಆರಂಭವಾಗುವಾಗ ನೀವು ಕೊಡುವಿರೆಂದು ನಂಬಿದ್ದೇನೆ.