ಕೋಳಿ ಮೇವಿಗೆ ಮದ್ದು ಸೇರಿದ ಕಥೆ

ಭಾನುವಾರ ಅಂಗಡಿಯಿಂದ ತಂದ ಕೋಳಿ ಚರ್ಮ, ಕರುಳನ್ನ ನಮ್ಮನೆ ಕರಿಯನಿಗೆ ಹಸಿಯಾಗೇ ಹಾಕೋದು ಮೊದಲಿಂದ ಬಂದ ರೂಢಿ. ಹೋದ ವಾರ ಪಶು ಡಾಕ್ಟ್ರು ನೋಡಿ, "ಬೇಯಿಸಿ ಹಾಕಿ ಗೌಡ್ರೇ, ನಾಯಿಗಿಂತ ನಿಮ್ಮ ಮೊಮ್ಮಕ್ಕಳಿಗೋಸ್ಕರ" ಅಂದ್ರು. ಯಾಕೆ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕ ಕಥೆ ಇದು. ಶೆಡ್ ಇರೋರು ಪೂರ್ತಿ ಓದಿ.

ಶುರುವಾಗಿದ್ದು ಅಮೆರಿಕದಲ್ಲಿ, 1948ರ ಕೊನೆಗೆ. ಲೆಡರ್ಲೆ ಔಷಧ ಕಂಪನಿಯ ಥಾಮಸ್ ಜೂಕ್ಸ್ ಅನ್ನೋ ವಿಜ್ಞಾನಿ ಕೋಳಿಮರಿಗೆ ಬಿ12 ಸಿಗಲಿ ಅಂತ, ಆರಿಯೋಮೈಸಿನ್ ಅನ್ನೋ ಆಂಟಿಬಯೋಟಿಕ್ ತಯಾರಿಸಿ ಉಳಿದ ಗಸಿಯನ್ನ ಮೇವಿಗೆ ಬೆರೆಸಿದರು. ಮರಿಗಳು ಎಣಿಸಿದ್ದಕ್ಕಿಂತ ಬೇಗ ತೂಕ ಬಂದವು. 1950ರಲ್ಲಿ ಸುದ್ದಿ ಹೊರಬಿತ್ತು. ಅಲ್ಲಿಂದ ಮದ್ದು ರೋಗಕ್ಕಲ್ಲ, ತೂಕಕ್ಕೆ ಅಂತ ಮೇವಿನ ಚೀಲ ಸೇರಿತು.

ಎಚ್ಚರಿಕೆ ಅದಕ್ಕೂ ಮೊದಲೇ ಬಂದಿತ್ತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಸಾಯದಷ್ಟು ಕಮ್ಮಿ ಮದ್ದು ಕೊಟ್ಟರೆ ಸೂಕ್ಷ್ಮಜೀವಿಗಳು ಅದನ್ನ ತಡೆಯೋದು ಕಲೀತಾವೆ ಅಂದಿದ್ದರು. ಅರ್ಧ ಡೋಸ್ ಹೊಡೆದು ಹುಳ ಗಟ್ಟಿ ಮಾಡ್ಕೊಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

1970ರ ದಶಕದಲ್ಲಿ ಬಾಸ್ಟನ್ ಹತ್ತಿರದ ಒಂದು ತೋಟದಲ್ಲಿ ಸ್ಟುವರ್ಟ್ ಲೆವಿ ಅನ್ನೋ ವೈದ್ಯರು ಪರೀಕ್ಷೆ ಮಾಡಿದರು. ಕೆಲವು ಕೋಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಮೇವು, ಉಳಿದವಕ್ಕೆ ಬರೀ ಮೇವು. ಒಂದು ವಾರದೊಳಗೆ ಮದ್ದಿನ ಮೇವು ತಿಂದ ಕೋಳಿಗಳ ಕರುಳಲ್ಲಿ ಆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ತುಂಬಿತು. ಐದಾರು ತಿಂಗಳಲ್ಲಿ ತೋಟದ ಮನೆಯವರ ಹೊಟ್ಟೆಯಲ್ಲೂ ಅಂಥದ್ದು ಹೆಚ್ಚಿತು. ಅಕ್ಕಪಕ್ಕದ ಮನೆಯವರಲ್ಲಿ ಅಷ್ಟಿರಲಿಲ್ಲ.

ಆಮೇಲೆ ಕಾಲಿಸ್ಟಿನ್ ಸರದಿ. ಬೇರೆ ಯಾವುದೂ ಹಿಡೀದೆ ಇದ್ದಾಗ ಐಸಿಯುನಲ್ಲಿ ಡಾಕ್ಟ್ರು ಕೊಡೋ ಕೊನೇ ಮದ್ದು ಅದು. ಅದನ್ನೇ ಹಂದಿ, ಕೋಳಿಗೆ ತೂಕಕ್ಕಾಗಿ ಹಾಕಿದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಅದನ್ನ ಸೋಲಿಸೋ ಎಂಸಿಆರ್-1 ಅನ್ನೋ ಜೀನ್ ಕಂಡುಹಿಡಿದರು. ಪರೀಕ್ಷಿಸಿದ 523 ಹಸಿ ಮಾಂಸದ ಮಾದರಿಗಳಲ್ಲಿ 78ರಲ್ಲಿ ಅದಿತ್ತು, ಆಸ್ಪತ್ರೆ ಸೇರಿದ್ದ 1,322 ರೋಗಿಗಳಲ್ಲಿ 16 ಮಂದಿಯಲ್ಲೂ ಇತ್ತು. ಬಿತ್ತನೆ ಬೀಜ ಒಬ್ಬರಿಂದ ಒಬ್ಬರಿಗೆ ಕೈ ಬದಲಾದ ಹಾಗೆ, ಈ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತೆ. ನಮ್ಮ ಸರ್ಕಾರ 2019ರ ಜುಲೈನಲ್ಲಿ ಕೋಳಿ, ಮೀನು, ಪಶು ಆಹಾರಕ್ಕೆ ಕಾಲಿಸ್ಟಿನ್ ನಿಷೇಧಿಸಿತು.

ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ನಿಜ. ಆದ್ರೆ ಹಸಿ ಮಾಂಸ ಮುಟ್ಟಿದ ಕೈ, ಈಳಿಗೆಮಣೆ, ನಾಯಿ ತಟ್ಟೆ? ಹಸಿ ತಿಂದ ನಾಯಿ ಹಿಕ್ಕೆ ಹಾಕೋದು ಅಂಗಳದಲ್ಲೇ, ಮಗು ಆಡೋದೂ ಅಲ್ಲೇ.

ನಾನೇನೂ ಸಾಚಾ ಅಲ್ಲ. ಹಿಂದೆ ಪ್ರತಿ ಬ್ಯಾಚಿಗೂ ಮೊದಲ ಐದು ದಿನ, ಕಾಯಿಲೆ ಇಲ್ದಿದ್ರೂ, ನೀರಿಗೆ ಪುಡಿ ಕಲಸಿದ್ದೀನಿ. ಒಳಗೇನಿದೆ ಅಂತ ಚೀಟಿ ಓದಿರಲಿಲ್ಲ. ಹೋದ ವರ್ಷ ಅಮ್ಮನಿಗೆ ಮೂತ್ರದ ಸೋಂಕಾದಾಗ ಮೊದಲೆರಡು ಔಷಧಿ ಹಿಡೀಲಿಲ್ಲ. ಅದು ನಮ್ಮ ಶೆಡ್ಡಿಂದಲೇ ಬಂತು ಅನ್ನೋಕೆ ಆಧಾರ ಇಲ್ಲ. ಆದ್ರೂ ಆ ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಕೂತಾಗ ನೆನಪಾಗಿದ್ದು ಆ ಪುಡಿಯೇ.

ಈಗ ಕಾಯಿಲೆ ಬಿದ್ದರೆ ಮಾತ್ರ, ಡಾಕ್ಟ್ರು ಬರೆದಷ್ಟೇ ದಿನ ಮದ್ದು. ಮದ್ದು ನಿಲ್ಲಿಸಿ ಅವರು ಹೇಳಿದಷ್ಟು ದಿನ ಕಳೆಯೋವರೆಗೂ ಕೋಳಿ ಮಾರಲ್ಲ. ಬ್ಯಾಚಾದ ಮೇಲೆ ಹೊಟ್ಟು ತೆಗೆದು, ಸುಣ್ಣ ಬಳಿದು, ಶೆಡ್ ಖಾಲಿ ಬಿಡ್ತೀನಿ. ಕರಿಯನಿಗೆ ಬೇಯಿಸಿದ್ದು. ನಿಮ್ಮ ಮೇವಿನ ಚೀಲದ ಚೀಟೀಲಿ ಏನು ಬರೆದಿದೆ? ಇವತ್ತೇ ಒಂದ್ಸಲ ಓದಿ ನೋಡಿ.