ಕೋಟದ ಮನೆಗಳಲ್ಲಿ ಮನೋರೋಗದ ಎಣಿಕೆ

ಕರ್ನಾಟಕದಲ್ಲಿ ಮನೋವೈದ್ಯಶಾಸ್ತ್ರ ಬೆಳೆದ ಬಗೆಯನ್ನು ಬರೆಯುವವರು ಬಹುಮಟ್ಟಿಗೆ ಆಸ್ಪತ್ರೆಗಳ ಇತಿಹಾಸವನ್ನೇ ಬರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೆಂಗಳೂರಿನಲ್ಲಿ ತೆರೆದ ಹುಚ್ಚಾಸ್ಪತ್ರೆ, 1925ರಲ್ಲಿ ಮೈಸೂರು ಸರ್ಕಾರ ಅದಕ್ಕಿಟ್ಟ ಮಾನಸಿಕ ಆಸ್ಪತ್ರೆಯೆಂಬ ಹೆಸರು, 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇವೆರಡೂ ಒಂದಾಗಿ 1974ರ ಡಿಸೆಂಬರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಆ ಕಥನದ ಮೈಲಿಗಲ್ಲುಗಳು. ಆಸ್ಪತ್ರೆಯ ದಾಖಲೆಗಳಾದರೋ ಬಾಗಿಲಿನವರೆಗೆ ಬಂದವರನ್ನು, ಅದರಲ್ಲೂ ಮನೆಯವರ ಕೈಮೀರಿದ ಮೇಲೆ ಕರೆತರಲ್ಪಟ್ಟವರನ್ನು, ಮಾತ್ರ ಬಲ್ಲವು. ಊರಿನಲ್ಲೇ ಉಳಿದವರ ಸಂಕಟವೆಷ್ಟು, ಅವರು ಯಾರ ಬಳಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಕ್ರಮಬದ್ಧವಾದ ಉತ್ತರವನ್ನು ಮೊದಮೊದಲು ಹುಡುಕಿದ ಸ್ಥಳಗಳಲ್ಲಿ ಕರಾವಳಿಯ ಕೋಟ ಒಂದು.

ಶಿವರಾಮ ಕಾರಂತರ ಹುಟ್ಟೂರೆಂದು ಕನ್ನಡಿಗರು ಬಲ್ಲ ಈ ಊರು, ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮನೋವೈದ್ಯ ಆರ್. ಎಲ್. ಕಪೂರ್ ನಡೆಸಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ ಪ್ರಕಟಿಸಿದ ಅಧ್ಯಯನದಿಂದ ಮನೋವೈದ್ಯರ ನಡುವೆ ಹೆಸರಾಯಿತು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳನ್ನು ಅವರು ಆಯ್ದುಕೊಂಡುದಕ್ಕೆ ಕಾರಣವಿತ್ತು. ಮೊದಲನೆಯವರಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಸಲ್ಲುತ್ತಿದ್ದರೆ, ಉಳಿದಿಬ್ಬರಲ್ಲಿ ಅದು ತಾಯಿಯ ಕಡೆಯಿಂದ ಹರಿಯುವ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಹೊಸ ಕಾನೂನುಗಳೂ ಹೊಸ ದುಡಿಮೆಗಳೂ ಆ ಪದ್ಧತಿಯನ್ನು ಸಡಿಲಿಸುತ್ತಿದ್ದುದರಿಂದ, ಸಾಮಾಜಿಕ ಬದಲಾವಣೆ ಮನಸ್ಸಿನ ಮೇಲೆ ಹೇರುವ ಒತ್ತಡವನ್ನು ಒಂದೇ ಊರಿನೊಳಗೆ ಹೋಲಿಸಿ ನೋಡುವ ಅವಕಾಶ ಅಲ್ಲಿ ಒದಗಿತು.

ಅಧ್ಯಯನದ ನಿಜವಾದ ಸಾಹಸವಿದ್ದುದು ಅದರ ವಿಧಾನದಲ್ಲಿ. ಸಂಶೋಧಕರು ತಮಗೆ ಅನುಕೂಲವಾದವರನ್ನೇ ಮಾತನಾಡಿಸಿದರೆ ಫಲಿತಾಂಶ ಒಂದು ಕಡೆಗೆ ವಾಲುವುದರಿಂದ, ಪ್ರತಿ ಮನೆಗೂ ಆಯ್ಕೆಯಾಗುವ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿದ ರೀತಿಯಲ್ಲಿ ಮನೆಗಳನ್ನು ಆರಿಸುವ ಕ್ರಮಕ್ಕೆ ಯಾದೃಚ್ಛಿಕ ಮಾದರಿ ಎಂದು ಹೆಸರು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಅನುಕ್ರಮದಲ್ಲಿ ಕೇಳುವುದು ರಚನಾಬದ್ಧ ಸಂದರ್ಶನ. ಬೇರೆ ಬೇರೆ ಸಂದರ್ಶಕರು ಒಬ್ಬನೇ ವ್ಯಕ್ತಿಯ ಬಗ್ಗೆ ಒಂದೇ ತೀರ್ಮಾನಕ್ಕೆ ಬರುವಂತಿದ್ದರೆ ಆ ಸಾಧನಕ್ಕೆ ವಿಶ್ವಾಸಾರ್ಹತೆಯಿದೆ ಎನ್ನುತ್ತಾರೆ. ಪಶ್ಚಿಮದಲ್ಲಿ ಸಿದ್ಧವಾದ ಪ್ರಶ್ನಾವಳಿಗಳಲ್ಲಿ ಇಲ್ಲಿಯ ರೋಗಿಗಳು ಹೇಳಿಕೊಳ್ಳುವ ಅನೇಕ ಬಾಧೆಗಳಿಗೆ, ಎಂದರೆ ಕಾರಣ ಸಿಗದ ಮೈಕೈ ನೋವು, ಉರಿ, ಧಾತುನಷ್ಟದ ಭಯ, ಮೈಮೇಲೆ ಬರುವುದು ಮುಂತಾದವಕ್ಕೆ, ತಕ್ಕ ಸ್ಥಾನವಿರಲಿಲ್ಲ. ಆ ಕಾರಣಕ್ಕಾಗಿಯೇ ಮಾಳವಿಕಾ ಕಪೂರ್ ಅವರೊಡಗೂಡಿ ಈ ಇಬ್ಬರೂ ಭಾರತೀಯ ಸಂದರ್ಶನ ಸೂಚಿಯೊಂದನ್ನು ರಚಿಸಿ 1974ರಲ್ಲಿ ಪ್ರಕಟಿಸಿದರು.

ಅವರ ಇನ್ನೊಂದು ನಿರ್ಧಾರ ಇದಕ್ಕಿಂತಲೂ ದೂರಗಾಮಿಯಾದುದು. ಖಿನ್ನತೆ, ಆತಂಕ, ಅಥವಾ ಯೋಚನೆ ಮತ್ತು ಗ್ರಹಿಕೆಗಳೆರಡೂ ವಾಸ್ತವದಿಂದ ಕಡಿದುಹೋಗುವ ಸ್ಕಿಜೋಫ್ರೇನಿಯಾ ಎಂಬ ರೋಗನಾಮಗಳನ್ನು ಹಚ್ಚಿ ಜನರನ್ನು ವಿಂಗಡಿಸುವುದರ ಬದಲು, ಅವರು ಲಕ್ಷಣಗಳನ್ನು ಎಣಿಸಿ, ಆ ಲಕ್ಷಣಗಳುಳ್ಳವರು ಯಾರ ನೆರವನ್ನು ಬೇಡಿದರೆಂದು ವಿಚಾರಿಸಿದರು. ಅಲೋಪಥಿಯ ಡಾಕ್ಟರರಲ್ಲದೆ ಕೋಟದಲ್ಲಿ ಮೂರು ಬಗೆಯ ಚಿಕಿತ್ಸಕರಿದ್ದರು: ವಾತ ಪಿತ್ತ ಕಫಗಳ ಏರುಪೇರನ್ನು ನೋಡುವ ವೈದ್ಯ, ಗ್ರಹಗತಿ ಪರಿಶೀಲಿಸಿ ಯಂತ್ರ ಕಟ್ಟುವ ಮಂತ್ರವಾದಿ, ದೈವದ ಆವೇಶದಲ್ಲಿ ಕಾರಣವನ್ನೂ ಪರಿಹಾರವನ್ನೂ ನುಡಿಯುವ ಪಾತ್ರಿ. ಡಾಕ್ಟರರ ಔಷಧಿ ಮತ್ತು ಪಾತ್ರಿಯ ಅಭಯ ಎರಡನ್ನೂ ಪಡೆದು ಬರುವುದರಲ್ಲಿ ಅನೇಕರಿಗೆ ಯಾವ ವಿರೋಧವೂ ಕಾಣಲಿಲ್ಲ. ಪಾತ್ರಿಯನ್ನು ಮೂಢನಂಬಿಕೆಯೆಂದು ಬದಿಗೆ ಸರಿಸದೆ ಚಿಕಿತ್ಸಾವ್ಯವಸ್ಥೆಯ ಒಂದು ಭಾಗವೆಂದೇ ದಾಖಲಿಸಿದುದು ಈ ಗ್ರಂಥದ ದೊಡ್ಡ ಗುಣ. ಅವನ ಚಿಕಿತ್ಸೆಯಿಂದ ಎಷ್ಟು ಮಂದಿ ಗುಣಹೊಂದಿದರೆಂಬುದನ್ನು ಇಂಥ ಸಮೀಕ್ಷೆಯೊಂದರಿಂದ ಸಾಬೀತುಪಡಿಸಲಾಗದು ಎಂಬುದನ್ನೂ ಜೊತೆಗೆ ಹೇಳಬೇಕು.

1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಗಿ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೂ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕೆಲವೇ ಮುಖ್ಯ ಕಾಯಿಲೆಗಳನ್ನು ಗುರುತಿಸಿ ಔಷಧಿ ಕೊಡುವ ತರಬೇತಿ ನೀಡುವ ಪ್ರಯೋಗ ಅಲ್ಲಿ ನಡೆಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ನಂತರ ಅದೇ ಪ್ರಯೋಗ ಬಳ್ಳಾರಿ ಜಿಲ್ಲೆಯಾದ್ಯಂತ ವಿಸ್ತರಿಸಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕೋಟದ ಅಧ್ಯಯನದ ಅರ್ಧಭಾಗ ಮಾತ್ರ ಈ ಮಾದರಿಯೊಳಗೆ ಬಂದಿತೆನ್ನಬಹುದು: ಆಸ್ಪತ್ರೆಗೆ ಬಾರದವರಿಗೂ ಔಷಧಿ ತಲುಪಬೇಕೆಂಬುದು ಅದರ ತಳಹದಿಯಾಯಿತಾದರೂ, ಲಕ್ಷಣಗಳುಳ್ಳವರು ಈಗಾಗಲೇ ಯಾರ ಬಳಿಗೆ ಹೋಗುತ್ತಿದ್ದಾರೆಂಬ ವಿಚಾರಣೆಗೆ ಅದರ ಯೋಜನೆಯಲ್ಲಿ ಅಷ್ಟು ಮಹತ್ವ ದೊರೆಯಲಿಲ್ಲ.