ಬ್ರೌಸರುಗಳ ಪೈಪೋಟಿಯೂ ಕನ್ನಡದ ಓದುಗನೂ

೧

ಹೈದರಾಬಾದು ನಗರದ ಬಾಲಾನಗರವು ಸ್ವತಂತ್ರ ಭಾರತದ ಕೈಗಾರಿಕೆಗಳ ಚರಿತ್ರೆಯಲ್ಲಿ ಹೆಸರು ಪಡೆದ ಸ್ಥಳ. ೧೯೬೦ರ ದಶಕದಲ್ಲಿ ಇಲ್ಲಿ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಸಂಸ್ಥೆಯ ಔಷಧ ಕಾರ್ಖಾನೆಯೂ, ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ವಿದ್ಯುನ್ಮಾನ ವಿಭಾಗವೂ, ಹಿಂದುಸ್ತಾನ್ ಮೆಷಿನ್ ಟೂಲ್ಸ್‌ನ ಘಟಕವೂ ಒಂದರ ಹಿಂದೊಂದು ತಲೆಯೆತ್ತಿದವು. ೧೯೬೮ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯು ಇಲ್ಲಿಯೇ ಸ್ಥಾಪನೆಗೊಂಡಿತು. ಇವುಗಳಲ್ಲಿ ಎರಡರ ಬೇರುಗಳು ಬೆಂಗಳೂರಿನಲ್ಲಿವೆ ಎಂಬುದು ಕನ್ನಡಿಗರಿಗೆ ಹೇಳಬೇಕಾದ ಮಾತಲ್ಲ. ವಿಮಾನ ಕಾರ್ಖಾನೆಯು ೧೯೪೦ರಲ್ಲಿಯೂ, ಯಂತ್ರೋಪಕರಣ ಕಾರ್ಖಾನೆಯು ೧೯೫೩ರಲ್ಲಿಯೂ ಆ ನಗರದಲ್ಲಿ ಹುಟ್ಟಿದುವು.

ಏಕಸ್ವಾಮ್ಯವೆಂದರೇನು, ಅದು ಹೇಗೆ ಮುರಿಯುತ್ತದೆ ಎಂಬ ಪ್ರಶ್ನೆಗೆ ಬಾಲಾನಗರವು ಒಂದು ಉತ್ತರವನ್ನು ಬಹು ಹಿಂದೆಯೇ ಕೊಟ್ಟಿದೆ. ೧೯೧೧ರ ಶಾಸನದ ಮೇರೆಗೆ ಔಷಧದ ಮೇಲಣ ಪೇಟೆಂಟು ಹಕ್ಕು ಆ ವಸ್ತುವಿನ ಮೇಲೆಯೇ ಇರುತ್ತಿತ್ತು. ಆದಕಾರಣ ವಿದೇಶೀ ಕಂಪನಿಯು ಹೇಳಿದ ಬೆಲೆಯೇ ರೋಗಿಗೆ ಬೆಲೆ. ೧೯೭೦ರಲ್ಲಿ ಅಂಗೀಕೃತವಾಗಿ ೧೯೭೨ರಲ್ಲಿ ಜಾರಿಗೆ ಬಂದ ಪೇಟೆಂಟು ಕಾಯಿದೆಯು ಔಷಧಗಳ ವಿಷಯದಲ್ಲಿ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕನ್ನು ಉಳಿಸಿತು. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸುವ ಜ್ಞಾನವುಳ್ಳವನಿಗೆ ದಾರಿ ತೆರೆಯಿತು. ಆ ಜ್ಞಾನವನ್ನು ಅನೇಕರು ಸಂಪಾದಿಸಿದ್ದು ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸ ಮಾಡಿದ ಕೆ. ಅಂಜಿ ರೆಡ್ಡಿಯವರು ೧೯೮೪ರಲ್ಲಿ ಸ್ವಂತ ಔಷಧೋದ್ಯಮವನ್ನು ಕಟ್ಟಿದರು. ಆದರೆ ಕಲಿಸಿದ ಕಾರ್ಖಾನೆಯೇ ಉಳಿಯಲಿಲ್ಲ. ಆ ಸರಕಾರಿ ಸಂಸ್ಥೆಯನ್ನು ೧೯೯೨ರಲ್ಲಿ ರೋಗಗ್ರಸ್ತವೆಂದು ಘೋಷಿಸಲಾಯಿತು. ಶಾಸನವೊಂದೇ ಸಾಲದು, ಸಾಮರ್ಥ್ಯವೊಂದೇ ಸಾಲದು, ಎರಡೂ ಕೂಡಿದಾಗ ಮಾತ್ರ ಏಕಸ್ವಾಮ್ಯವು ಸಡಿಲುತ್ತದೆ ಎಂಬುದು ಈ ಕಥೆಯಿಂದ ಸಿದ್ಧವಾಗುವ ಅಂಶ.

ಔಷಧದ ಕಥೆ ಹೀಗಿರಲು, ಅಕ್ಷರದ ಕಥೆಯೇನು? ಕಳೆದ ಮೂವತ್ತು ವರ್ಷಗಳಲ್ಲಿ ಹೊರನಾಡ ಕನ್ನಡಿಗನು ಕನ್ನಡವನ್ನು ಓದುವ ಮುಖ್ಯ ಸಾಧನವಾಗಿ ಪರಿಣಮಿಸಿರುವುದು ಬ್ರೌಸರು, ಎಂದರೆ ಅಂತರ್ಜಾಲದ ಪುಟಗಳನ್ನು ತಂದು ತೆರೆಯ ಮೇಲೆ ತೋರಿಸುವ ತಂತ್ರಾಂಶ. ಇದರ ಮೇಲಣ ಒಡೆತನಕ್ಕಾಗಿ ನಡೆದ ಪೈಪೋಟಿಯಲ್ಲಿ ಕನ್ನಡದ ಸಾಮಾನ್ಯ ಓದುಗನಿಗೆ ಆಯ್ಕೆ ಎಷ್ಟರಮಟ್ಟಿಗಿತ್ತು ಎಂಬುದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

೧೯೯೪ರ ಡಿಸೆಂಬರಿನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಬ್ರೌಸರು ಹೊರಬಂದು ಅಲ್ಪಕಾಲದಲ್ಲಿಯೇ ಸರ್ವತ್ರ ಹಬ್ಬಿತು. ೧೯೯೫ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹೊರತಂದಿತು. ಅದನ್ನು ಬೆಲೆಯಿಲ್ಲದೆ ಕೊಟ್ಟಿತು; ಬಳಿಕ ವಿಂಡೋಸ್ ಕಾರ್ಯವ್ಯವಸ್ಥೆಯೊಡನೆಯೇ ಬೆಸೆಯಿತು. ಗಣಕವನ್ನು ಕೊಂಡವನಿಗೆ ಬ್ರೌಸರು ತಾನಾಗಿ ದೊರೆಯುತ್ತಿರುವಾಗ ಇನ್ನೊಂದನ್ನು ಹುಡುಕುವವರು ವಿರಳ. ಅಮೆರಿಕದ ಸರಕಾರವು ೧೯೯೮ರ ಮೇ ತಿಂಗಳಲ್ಲಿ ದಾವೆ ಹೂಡಿತು. ೨೦೦೦ದ ಜೂನ್‌ನಲ್ಲಿ ಕಂಪನಿಯನ್ನು ಇಬ್ಭಾಗಿಸಬೇಕೆಂಬ ಆಜ್ಞೆಯಾಯಿತು. ೨೦೦೧ರಲ್ಲಿ ಮೇಲಣ ನ್ಯಾಯಾಲಯವು ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ದೋಷವನ್ನು ಎತ್ತಿಹಿಡಿದರೂ ಇಬ್ಭಾಗದ ಆಜ್ಞೆಯನ್ನು ತಳ್ಳಿಹಾಕಿತು. ಅಷ್ಟು ಹೊತ್ತಿಗೆ ನೆಟ್‌ಸ್ಕೇಪ್ ಸೋತಿತ್ತು. ತೀರ್ಪು ಬಂದಾಗ ಫಿರ್ಯಾದಿಯ ಅಂಗಡಿ ಮುಚ್ಚಿದ್ದಂತಾಯಿತು.

ಇದೇ ವರ್ಷಗಳಲ್ಲಿ ಕನ್ನಡದ ಪತ್ರಿಕೆಗಳು ಅಂತರ್ಜಾಲವನ್ನು ಪ್ರವೇಶಿಸಿದುವು. ಕನ್ನಡಕ್ಕೆ ಸಂಕೇತಗಳ ಕೊರತೆಯಿರಲಿಲ್ಲ. ೧೯೯೧ರ ಭಾರತೀಯ ಮಾನಕವಾದ ಇಸ್ಕಿಯಲ್ಲಿಯೂ, ಅದೇ ವರ್ಷದ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿಯೂ ಕನ್ನಡ ಲಿಪಿಗೆ ಸ್ಥಾನವಿತ್ತು. ಆದರೆ ಸಂಕೇತವಿದ್ದ ಮಾತ್ರಕ್ಕೆ ಒತ್ತಕ್ಷರ, ಗುಣಿತಾಕ್ಷರಗಳು ತೆರೆಯ ಮೇಲೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಕೂಡಿಸುವ ಯಂತ್ರವೂ ಬೇಕು. ಅದು ಆಗ ಸಾಮಾನ್ಯ ಗಣಕಗಳಲ್ಲಿ ಇರಲಿಲ್ಲ. ಆದುದರಿಂದ ಪ್ರತಿಯೊಂದು ತಾಣವೂ ತನ್ನದೇ ಅಕ್ಷರಶೈಲಿಯನ್ನು ಮಾಡಿಕೊಂಡಿತು. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟು ಕಣ್ಣಿಗೆ ಕನ್ನಡವೆಂದು ತೋರುವಂತೆ ಮಾಡಿತು. ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅದೇ ಪುಟವು ಅರ್ಥವಿಲ್ಲದ ರೋಮನ್ ಲಿಪಿಯ ರಾಶಿಯಾಗಿ ಕಾಣುತ್ತಿತ್ತು.

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಪುಟದೊಡನೆಯೇ ಅಕ್ಷರಶೈಲಿಯನ್ನು ಇಳಿಸಿಕೊಡುವ ವಿಧಾನ. ಇದರಲ್ಲಿ ಮೈಕ್ರೋಸಾಫ್ಟಿನದು ಒಂದು ರೂಪ, ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿಯದು ಇನ್ನೊಂದು, ಎರಡಕ್ಕೂ ಹೊಂದಿಕೆಯಿಲ್ಲ. ನೆಟ್‌ಸ್ಕೇಪು ಹಿಂದೆ ಸರಿದ ಮೇಲೆ ಮೈಕ್ರೋಸಾಫ್ಟಿನ ರೂಪವೇ ನಿಂತಿತು. ಆ ಬಗೆಯ ಪುಟಗಳು ಅಂದವಾಗಿ ತೆರೆದುಕೊಳ್ಳುತ್ತಿದ್ದುದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಊರಿನ ಪತ್ರಿಕೆಯು ತಡವಾಗಿ ಕೈಸೇರುತ್ತಿದ್ದ ಹೊರನಾಡಿಗನಿಗೆ ಅಂದಿನ ಬೆಳಗಿನ ಸುದ್ದಿಯನ್ನು ಅಂದೇ ಓದುವ ಅವಕಾಶವು ಅಮೂಲ್ಯವಾಗಿತ್ತು. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಒಂದೇ ಕಿಟಕಿಯಿಂದ ನೋಡುವುದು. ಅವನು ಎಕ್ಸ್‌ಪ್ಲೋರರನ್ನು ಆರಿಸಿಕೊಂಡನೆಂದು ಎಣಿಕೆಯ ಪಟ್ಟಿಗಳು ಹೇಳಿದುವು. ವಾಸ್ತವವಾಗಿ ಅವನು ಆರಿಸಿಕೊಂಡದ್ದು ಕನ್ನಡವನ್ನು.

ಇದು ಓದುಗನೊಬ್ಬನ ಪಾಡಲ್ಲ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ಸಹಿಗೆ ಮಾನ್ಯತೆಯನ್ನಿತ್ತ ಮೇಲೆ ಟೆಂಡರು, ತೆರಿಗೆಗಳಿಗೆ ಸಂಬಂಧಿಸಿದ ಅನೇಕ ತಾಣಗಳು ಎಕ್ಸ್‌ಪ್ಲೋರರೊಂದನ್ನೇ ನೆಚ್ಚಿ ರಚಿತವಾದುವು. ಬಾಲಾನಗರದಂಥ ಸಣ್ಣ ಕೈಗಾರಿಕೆಗಳ ಪ್ರದೇಶದಲ್ಲಿ ಸರಕಾರಕ್ಕೆ ಬಿಡಿಭಾಗಗಳನ್ನು ಒದಗಿಸಬೇಕೆನ್ನುವವನಿಗೆ ಬ್ರೌಸರು ರುಚಿಯ ಪ್ರಶ್ನೆಯಲ್ಲ, ವ್ಯವಹಾರದ ನಿಬಂಧನೆ. ದಕ್ಷಿಣ ಕೊರಿಯದಲ್ಲಿ ಇದು ಅತಿರೇಕಕ್ಕೆ ಹೋಯಿತು. ಅಲ್ಲಿ ಸ್ವದೇಶೀ ಗುಪ್ತಸಂಕೇತವನ್ನು ಮೈಕ್ರೋಸಾಫ್ಟಿನ ಆಕ್ಟಿವ್‌ಎಕ್ಸ್ ಎಂಬ ಉಪಾಂಗದ ಮೂಲಕ ಬಳಕೆಗೆ ತಂದುದರ ಫಲವಾಗಿ ದೇಶದ ಬ್ಯಾಂಕು ವ್ಯವಹಾರವೆಲ್ಲ ಅನೇಕ ವರ್ಷಗಳ ಕಾಲ ಒಂದು ಪರದೇಶೀ ಬ್ರೌಸರಿಗೆ ಕಟ್ಟುಬಿದ್ದಿತು.

೩

ಏಕಸ್ವಾಮ್ಯದಿಂದ ಕೇಡೇ ಆಯಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಒತ್ತಕ್ಷರಗಳನ್ನು ಕೂಡಿಸುವ ವ್ಯವಸ್ಥೆಯೂ ಇದ್ದುವು. ಯೂನಿಕೋಡ್ ಕನ್ನಡವು ಲಕ್ಷಾಂತರ ಮನೆಗಳ ಗಣಕಗಳಲ್ಲಿ ಸಾಧ್ಯವಾದದ್ದು ಆ ಬಲಿಷ್ಠ ಸಂಸ್ಥೆಯ ಕೈಯಿಂದಲೇ. ಪ್ರತಿಸ್ಪರ್ಧಿಯಾದ ಫೈರ್‌ಫಾಕ್ಸ್ ೨೦೦೪ರ ನವೆಂಬರಿನಲ್ಲಿ ಬಂದಾಗ ಅದು ಮುಕ್ತವಾಗಿತ್ತು, ವೇಗವಾಗಿತ್ತು. ಆದರೆ ಅದರ ಆರಂಭದ ಆವೃತ್ತಿಗಳಲ್ಲಿ ಎರಡೂ ಅಂಚು ಸಮಗೊಳಿಸಿದ ಪುಟಗಳಲ್ಲಿ ಭಾರತೀಯ ಲಿಪಿಗಳ ಅಕ್ಷರಗಳು ಒಡೆದು ಕಾಣುತ್ತಿದ್ದುವು. ೨೦೦೮ರ ಮೂರನೆಯ ಆವೃತ್ತಿಯಲ್ಲಿ ಆ ಕೊರತೆ ನೀಗಿತು. ತತ್ತ್ವಕ್ಕಾಗಿ ಬ್ರೌಸರನ್ನು ಬದಲಿಸಬಯಸಿದ ಕನ್ನಡಿಗನು ಅಲ್ಲಿಯವರೆಗೆ ತನ್ನ ಲಿಪಿಯನ್ನು ಒಡಕಾಗಿ ಕಾಣಬೇಕಾಗಿತ್ತು. ಮುಕ್ತ ತಂತ್ರಾಂಶದ ಕಡೆಯಿಂದಲೂ ಉಪಕಾರಗಳಾದುವು. ಹಳೆಯ ಖಾಸಗಿ ಅಕ್ಷರಶೈಲಿಗಳ ಪುಟಗಳನ್ನು ಅಲ್ಲಿಂದಲ್ಲಿಯೇ ಯೂನಿಕೋಡಿಗೆ ತಿರುಗಿಸುವ ಪದ್ಮ ಎಂಬ ಉಪಾಂಗವು ಮೊದಲು ತೆಲುಗಿಗಾಗಿ ಹುಟ್ಟಿ, ಮುಂದೆ ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸಿತು.

ಕೈಫೋನಿನ ಯುಗದಲ್ಲಿ ಚಿತ್ರ ಬದಲಾಯಿತು. ಆರಂಭದ ಅಗ್ಗದ ಫೋನುಗಳಲ್ಲಿ ಕನ್ನಡದ ಅಕ್ಷರಶೈಲಿಯೇ ಇರಲಿಲ್ಲ. ೨೦೦೬ರಲ್ಲಿ ಬಂದ ಒಪೆರಾ ಮಿನಿ ಬ್ರೌಸರಿನ ಒಳಗುಟ್ಟಿನ ಪುಟವೊಂದರಲ್ಲಿ, ಸಂಕೀರ್ಣ ಲಿಪಿಗಳನ್ನು ಚಿತ್ರರೂಪದಲ್ಲಿ ತೋರಿಸುವ ಏರ್ಪಾಡನ್ನು ಆಯ್ದುಕೊಳ್ಳುವ ಅವಕಾಶವಿತ್ತು. ಹಾಗೆ ಮಾಡಿದರೆ ಕನ್ನಡವು ದೂರದ ಸರ್ವರಿನಲ್ಲಿ ಚಿತ್ರವಾಗಿ ಸಿದ್ಧಗೊಂಡು ಫೋನಿನಲ್ಲಿ ಕಾಣಿಸುತ್ತಿತ್ತು. ಈ ಯುಕ್ತಿಯು ಬಾಯಿಂದ ಬಾಯಿಗೆ ಹಬ್ಬಿತು. ಬಳಿಕ ಚೀನಾದ ಯುಸಿ ಬ್ರೌಸರು ಭಾರತದಲ್ಲಿ ಅಗ್ರಸ್ಥಾನಕ್ಕೇರಿತು. ಕಾರಣ ಸರಳ: ಅದು ಪುಟಗಳನ್ನು ಕುಗ್ಗಿಸಿ ತರುತ್ತಿದ್ದುದರಿಂದ ಡೇಟಾದ ಖರ್ಚು ಉಳಿಯುತ್ತಿತ್ತು. ಹೀಗೆ ಅಕ್ಷರಕ್ಕಾಗಿ ಒಂದು, ಕಾಸಿಗಾಗಿ ಒಂದು ಎಂದು ಸಾಮಾನ್ಯ ಬಳಕೆದಾರನು ನಿಜವಾಗಿ ವಿವೇಚಿಸಿ ಆರಿಸಿಕೊಂಡ ಕಾಲವೊಂದಿದ್ದರೆ ಅದು ಇದೇ.

ಆ ಕಾಲ ಬಹಳ ದಿನ ನಿಲ್ಲಲಿಲ್ಲ. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಡೇಟಾ ಅಗ್ಗವಾಯಿತು. ಕುಗ್ಗಿಸುವ ಬ್ರೌಸರಿನ ಅಗತ್ಯ ಕುಗ್ಗಿತು. ಯುಸಿ ಬ್ರೌಸರು ೨೦೨೦ರ ಜೂನ್‌ನಲ್ಲಿ ನಿಷೇಧಕ್ಕೊಳಗಾದ ೫೯ ಚೀನೀ ಆ್ಯಪುಗಳಲ್ಲಿ ಸೇರಿತು. ಉಳಿದದ್ದು ೨೦೦೮ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಗೂಗಲ್ ಕ್ರೋಮ್. ಅದು ೨೦೧೨ರ ಮೇ ತಿಂಗಳಲ್ಲಿಯೇ ಸ್ಟ್ಯಾಟ್‌ಕೌಂಟರಿನ ವಿಶ್ವ ಎಣಿಕೆಯಲ್ಲಿ ಎಕ್ಸ್‌ಪ್ಲೋರರನ್ನು ಹಿಂದೆ ಹಾಕಿತ್ತು. ಆಂಡ್ರಾಯ್ಡ್ ಫೋನುಗಳಲ್ಲಿಯಂತೂ ಅದು ಕೊಳ್ಳುವ ಮೊದಲೇ ಕುಳಿತಿರುತ್ತದೆ. ೧೯೯೫ರ ತಂತ್ರವು ಬೇರೆ ಕೈಯಲ್ಲಿ ಮರುಕಳಿಸಿತು. ಎಕ್ಸ್‌ಪ್ಲೋರರು ೨೦೨೨ರ ಜೂನ್‌ನಲ್ಲಿ ನಿವೃತ್ತವಾದಾಗ ಅದಕ್ಕಾಗಿ ಅತ್ತವರು ವಿರಳ. ಪ್ರಭುತ್ವವು ಅಳಿದಿರಲಿಲ್ಲ, ಕೈ ಬದಲಾಗಿತ್ತಷ್ಟೆ.

೪

ಭಾರತದ ಶಾಸನವು ಈ ಬಾರಿ ಸುಮ್ಮನಿರಲಿಲ್ಲ. ೧೯೬೯ರ ಏಕಸ್ವಾಮ್ಯ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಬಂದ ೨೦೦೨ರ ಸ್ಪರ್ಧಾ ಕಾಯಿದೆಯ ಅಡಿಯಲ್ಲಿ, ಭಾರತೀಯ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರ್ ೨೦ರಂದು ಗೂಗಲ್‌ಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿತು. ಆಯೋಗವು ಪರಿಶೀಲಿಸಿದ ಮಾರುಕಟ್ಟೆಗಳಲ್ಲಿ ಮೊಬೈಲ್ ಬ್ರೌಸರುಗಳ ಮಾರುಕಟ್ಟೆಯೂ ಒಂದು. ೨೦೨೩ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ದಂಡವನ್ನು ಎತ್ತಿಹಿಡಿದು, ನಿರ್ದೇಶನಗಳಲ್ಲಿ ನಾಲ್ಕನ್ನು ರದ್ದುಗೊಳಿಸಿತು. ಅಮೆರಿಕದಲ್ಲಿ ೨೦೨೪ರ ಆಗಸ್ಟಿನಲ್ಲಿ ಗೂಗಲ್ ಶೋಧಕ್ಷೇತ್ರದಲ್ಲಿ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆಯೆಂದು ತೀರ್ಪಾಯಿತು; ಆದರೆ ಕ್ರೋಮನ್ನು ಮಾರಬೇಕೆಂಬ ಬೇಡಿಕೆಯನ್ನು ನ್ಯಾಯಾಲಯವು ೨೦೨೫ರ ಸೆಪ್ಟೆಂಬರಿನಲ್ಲಿ ಒಪ್ಪಲಿಲ್ಲ.

ಸ್ವದೇಶೀ ಸಾಮರ್ಥ್ಯದ ಮಾತೇನು? ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆಯು ೨೦೧೦ರಲ್ಲಿ, ಫೈರ್‌ಫಾಕ್ಸಿನ ತಳಹದಿಯ ಮೇಲೆ, ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಕರ್ಯವಿದ್ದ ಎಪಿಕ್ ಬ್ರೌಸರನ್ನು ಹೊರತಂದಿತು. ೨೦೧೩ರಲ್ಲಿ ಅದು ಕ್ರೋಮಿಯಂ ತಳಹದಿಗೆ ಹೊರಳಿತು. ಕೇಂದ್ರ ಸರಕಾರವು ಏರ್ಪಡಿಸಿದ ಸ್ವದೇಶೀ ಬ್ರೌಸರ್ ಸ್ಪರ್ಧೆಯಲ್ಲಿ ೨೦೨೫ರಲ್ಲಿ ಪ್ರಥಮ ಬಹುಮಾನ ಪಡೆದ ಜೋಹೋ ಸಂಸ್ಥೆಯ ಉಲಾ ಕೂಡ ಕ್ರೋಮಿಯಂ ಮೇಲೆಯೇ ಕಟ್ಟಿದ್ದು. ಮೈಕ್ರೋಸಾಫ್ಟ್ ತಾನೇ ೨೦೨೦ರ ಜನವರಿಯಲ್ಲಿ ತನ್ನ ಎಡ್ಜ್ ಬ್ರೌಸರನ್ನು ಅದೇ ತಳಹದಿಗೆ ತಂದಿತು. ಹೆಸರುಗಳು ಹಲವಾದರೂ ಒಳಗಣ ಎಂಜಿನು ಒಂದೇ ಆಗುತ್ತ ಬಂದಿದೆ. ಫೈರ್‌ಫಾಕ್ಸಿನ ಗೆಕ್ಕೊ, ಆಪಲ್ಲಿನ ವೆಬ್‌ಕಿಟ್ ಇವೆರಡು ಬಿಟ್ಟರೆ ಬೇರೆ ಬಲವಾದ ಎಂಜಿನು ಉಳಿದಿಲ್ಲ.

ಹಾಗಾದರೆ ಸಾಮಾನ್ಯ ಓದುಗನಿಗೆ ರಕ್ಷಣೆ ಎಲ್ಲಿಯದು? ಬಾಲಾನಗರದ ಉಪಕರಣ ಶಾಲೆಯಲ್ಲಿ ಕಲಿಯುವ ವಿದ್ಯಾರ್ಥಿಗೆ ಇದರ ಉತ್ತರ ಪರಿಚಿತ. ಬೋಲ್ಟಿನ ಎಳೆ ಮಾನಕದ ಅಳತೆಯಲ್ಲಿದ್ದರೆ ಯಾವ ಕಾರ್ಖಾನೆಯ ನಟ್ಟಾದರೂ ಅದಕ್ಕೆ ಕೂಡುತ್ತದೆ. ತಯಾರಕನು ತನ್ನದೇ ಅಳತೆಯನ್ನು ಕೊರೆದರೆ ಕೊಂಡವನು ಅವನ ಬಾಗಿಲನ್ನೇ ಕಾಯಬೇಕು. ಕನ್ನಡಕ್ಕೆ ಯೂನಿಕೋಡು ಅಂಥ ಎಳೆ. ಅದರಲ್ಲಿ ಬರೆದ ಲೇಖನವನ್ನು ಎಕ್ಸ್‌ಪ್ಲೋರರು ಅಳಿದ ಮೇಲೂ ಓದಬಹುದು, ಕ್ರೋಮು ಅಳಿದ ಮೇಲೂ ಓದಬಹುದು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಹಳೆಯ ಪುಟಗಳು ಇಂದಿಗೂ ಯಾವ ಬ್ರೌಸರಿನಲ್ಲಿಯಾದರೂ ತೆರೆದುಕೊಳ್ಳುತ್ತವೆ. ಖಾಸಗಿ ಅಕ್ಷರಶೈಲಿಗಳಲ್ಲಿ ಪ್ರಕಟವಾದ ಅದೇ ಕಾಲದ ಪತ್ರಿಕಾಪುಟಗಳಾದರೋ ಉಳಿದಿದ್ದರೂ ಓದಲಾರದ ರೋಮನ್ ರಾಶಿಯಾಗಿವೆ, ಹುಡುಕಿದರೆ ಸಿಕ್ಕುವುದಿಲ್ಲ.

ಈ ನಷ್ಟವು ಪತ್ರಿಕೆಗಳಿಗೆ ಸೀಮಿತವಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಬೆರಳಚ್ಚಾದ ಲೇಖನ, ಸ್ಮರಣಸಂಚಿಕೆ, ವರದಿಗಳು ಇನ್ನೂ ಅಲ್ಲಲ್ಲಿ ಸಂಘಸಂಸ್ಥೆಗಳ ಕಪಾಟುಗಳಲ್ಲಿ ತಟ್ಟೆಗಳ ರೂಪದಲ್ಲಿ ಬಿದ್ದಿರುತ್ತವೆ. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ಬೇಕಾದುದು ಕುಳಿತು ಮಾಡುವವರ ತಾಳ್ಮೆ. ತಟ್ಟೆಯನ್ನು ಓದುವ ಯಂತ್ರಗಳೇ ಮರೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಅವಧಿಯೂ ಮಿತವಾಗಿದೆ. ನ್ಯಾಯಾಲಯಗಳ ತೀರ್ಪು ಹೊರನಾಡ ಕನ್ನಡಿಗನ ಕೈಯಲ್ಲಿಲ್ಲ, ಎಂಜಿನನ್ನು ಕಟ್ಟುವ ಬಂಡವಾಳವೂ ಅವನಲ್ಲಿಲ್ಲ. ಬರೆದುದನ್ನು ಯಾರೊಬ್ಬರ ಸ್ವತ್ತೂ ಅಲ್ಲದ ಸಂಕೇತದಲ್ಲಿ ಉಳಿಸುವ ಹೊಣೆ ಮಾತ್ರ ಅವನದು. ಮುಂದೆ ಯಾವ ಕಂಪನಿಯ ಕಿಟಕಿ ಬಂದರೂ ಅದರಿಂದ ಕನ್ನಡವು ಕಾಣಬೇಕಾದರೆ ಈ ಹೊಣೆಯನ್ನು ಸಂಘಗಳು ಇಂದೇ ವಹಿಸಿಕೊಳ್ಳುವುದು ಯುಕ್ತ.